ಮೂಸದ ಅತ್ತರು

ಬೃಂದಾವನದ ಯಾತ್ರೆಗೆ ಹೋಗಿದ್ದ ವಾಮನ ಒಂದೇ ಒಂದು ಹಂಬಲ ಹೊತ್ತು ಆಶ್ರಮಕ್ಕೆ ಮರಳಿದ. ಅಲ್ಲಿಯ ಒಂದು ಗುಡಿಯಲ್ಲಿ, ನಸುಕಿನ ಆರತಿಯ ಹೊತ್ತಿಗೆ, ಗುಲಾಬಿಯೂ ಶ್ರೀಗಂಧವೂ ಬೆರೆತ ಪರಿಮಳ ತೇಲಿ ಬಂದಿತ್ತು. ವಾಮನ ನಿಂತಲ್ಲೇ ಅತ್ತುಬಿಟ್ಟಿದ್ದ.

"ಅಷ್ಟಮಿ ದಿನ ನಮ್ಮ ಕೃಷ್ಣನಿಗೂ ಅದೇ ಪರಿಮಳ ಹಚ್ತೀನಿ ಅಂತ ಅಲ್ಲೇ ಹರಕೆ ಹೊತ್ತೆ, ಗುರುಗಳೇ."

"ಹಚ್ಚು, ಅದಕ್ಕೇನು," ಎಂದರು ಗುರುಗಳು.

ವಾಮನ ಅತ್ತರು ಮಾಡುವವರ ಮನೆಯಲ್ಲಿ ಹುಟ್ಟಿದವನು. ನದಿಯ ದಂಡೆಯಲ್ಲಿ ಒಲೆ ಹೂಡಿದ. ತಾಮ್ರದ ಹಂಡೆಯಲ್ಲಿ ಗುಲಾಬಿ ಬೇಯಬೇಕು, ಅದರ ಆವಿ ಕೊಳವೆಯಲ್ಲಿ ಇಳಿದು ಶ್ರೀಗಂಧದ ಎಣ್ಣೆಗೆ ಸೇರಬೇಕು. ಕೆಲಸವೇನೋ ಗೊತ್ತಿತ್ತು. ಆದರೆ ದೇವರಿಗೆ ಮೀಸಲಾದದ್ದನ್ನು ಮನುಷ್ಯರು ಮೊದಲು ಮೂಸಬಾರದಲ್ಲ! ಮಡಿಬಟ್ಟೆ ತಂದು ಮೂಗನ್ನು ಬಿಗಿಯಾಗಿ ಕಟ್ಟಿಕೊಂಡ.

ಅಷ್ಟಮಿಗೆ ವಾರ ಮುಂಚೆ ಮೊದಲ ಅತ್ತರನ್ನು ಕೃಷ್ಣನಿಗೆ ಹಚ್ಚಿ ನೋಡಿದ್ದೇ ತಡ, ಭಜನೆ ನಿಂತುಹೋಯಿತು. ಅಡುಗೆಯ ಪದ್ಮಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಅಯ್ಯೋ, ಯಾರೋ ಪಾಯಸ ತಳ ಹಿಡಿಸಿದಾರೆ!" ಎಂದು ಅಡುಗೆಮನೆಗೆ ಓಡಿದಳು.

ಎರಡನೆಯದು ಇನ್ನೂ ಸೀದಿತ್ತು.

ಅಷ್ಟಮಿಯ ಹಿಂದಿನ ದಿನ ಉಳಿದದ್ದು ಒಂದೇ ಬುಟ್ಟಿ ಹೂವು. ವಾಮನ ಗುರುಗಳ ಮುಂದೆ ಕುಸಿದು ಕುಳಿತ.

"ನನ್ನ ಕೈಲಿ ಆಗೋದಿಲ್ಲ. ಉರಿ ಯಾವಾಗ ತಗ್ಗಿಸಬೇಕು ಅಂತ ಹೇಳೋದೇ ಮೂಗು. ಮೂಗು ಬಿಚ್ಚಿದರೆ ಅಪಚಾರ, ಕಟ್ಟಿದರೆ ಹೀಗೆ. ಹರಕೆ ತಪ್ಪಿಹೋಯ್ತು, ಗುರುಗಳೇ."

ಗುರುಗಳು ಅವನ ಮುಖದ ಬಟ್ಟೆ ಬಿಚ್ಚಿದರು. ಅದನ್ನು ಹಿಡಿದು ಗುಡಿಯ ಕಡೆ ನಡೆದರು.

"ಎಲ್ಲಿಗೆ, ಗುರುಗಳೇ?"

"ಕೃಷ್ಣನ ಮೂಗಿಗೆ ಕಟ್ಟೋದಕ್ಕೆ. ಪಾಪ, ಎರಡು ಸಲ ಸಹಿಸಿಕೊಂಡಿದಾನೆ. ನಾಳೆ ಅವನ ಹುಟ್ಟುಹಬ್ಬ ಬೇರೆ."

ವಾಮನನಿಗೆ ನಾಚಿಕೆಯೂ ನಗುವೂ ಒಟ್ಟಿಗೆ ಬಂದವು. ಓಡಿಹೋಗಿ ಬಟ್ಟೆ ಇಸಿದುಕೊಂಡ. ಅದನ್ನು ಸೊಂಟಕ್ಕೆ ಸುತ್ತಿ ಒಲೆಯ ಮುಂದೆ ಕುಳಿತ.

ಹೂವಿನ ಹಸಿ ವಾಸನೆ ಹೋಗುವ ತನಕ ಕಾದ. ಸಿಹಿ ಏರಿದ ಕೂಡಲೇ ಕೊಳ್ಳಿಯನ್ನು ಹಿಂದಕ್ಕೆಳೆದ. ಮತ್ತೆ ಮೂಸಿದ, ಮತ್ತೆ ಚೂರು ಒಳಗೆ ತಳ್ಳಿದ. ಸಂಜೆಯ ಹೊತ್ತಿಗೆ ಬೃಂದಾವನದ ಅದೇ ಪರಿಮಳ ದಂಡೆಯ ತುಂಬ ಹರಡಿತು. ವಾಮನ ಅತ್ತ, ಹಿಗ್ಗಿ ಅತ್ತ.

ಮರುದಿನ ಪೂಜೆಯಲ್ಲಿ ಕೃಷ್ಣನ ಮುಂದೆ ನಿಂತಾಗ ಮಾತ್ರ ಅತ್ತರಿನ ಕುಪ್ಪಿ ಹಿಡಿದು ಗುರುಗಳ ಕಡೆ ತಿರುಗಿದ.

"ಗುರುಗಳೇ, ನಿನ್ನೆ ಇಡೀ ದಿನ ಇದನ್ನ ಮೂಸಿದೀನಿ. ಅವನು ತಗೋತಾನಾ?"

ಗುರುಗಳು ಕುಪ್ಪಿ ತೆಗೆದುಕೊಂಡು, ಕಣ್ಣು ಮುಚ್ಚಿ, ತಾವೂ ಒಮ್ಮೆ ಮನಸಾರೆ ಮೂಸಿದರು. ಮತ್ತೆ ಅವನ ಕೈಗೇ ಕೊಟ್ಟರು.

"ಯಶೋದೆ ಬಿಸಿ ನೋಡದೆ ಅವನಿಗೆ ಯಾವತ್ತಾದರೂ ಹಾಲು ಕುಡಿಸಿದ್ದಳೇನಯ್ಯಾ?"