ಒಂದೇ ಸೂರಿನ ಎರಡು ಗಡಿಗೆ

"ಬುದ್ಧೀ, ಪ್ರತಿ ಗ್ರಂಥಕ್ಕೂ ಎರಡೆರಡು ಪ್ರತಿ ಇರುವಂತೆ ಬರೆದಿದ್ದೇನೆ. ಆದರೂ ತಾವು ಒಂದೇ ಇದೆ ಎನ್ನುತ್ತೀರಿ. ಇದು ಯಾವ ಲೆಕ್ಕ?" ಎಂದು ಚೆನ್ನವೀರ ತನ್ನ ಗುರುಗಳನ್ನು ಕೇಳಿದ.

ಮಠದ ತಾಳೆಗರಿಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ಚಿತ್ರ ತೆಗೆದ ಮೇಲೆ ಎಷ್ಟೋ ಗರಿಗಳು ಉಳಿಯಲೇ ಇಲ್ಲ. ಇನ್ನು ಆ ಚಿತ್ರಗಳೇ ಗ್ರಂಥ; ಅವೂ ಹೋದರೆ ಎಲ್ಲವೂ ಹೋದಂತೆ. ಅವನ್ನು ಕಾಯಲು ಎರಡು ಸರ್ವರ್‌ಗಳು ಬಂದಿದ್ದವು, ಒಂದೊಂದರಲ್ಲಿ ಎರಡೆರಡು ಡಿಸ್ಕು. ಯಾವ ಪ್ರತಿ ಎಲ್ಲಿ ಕೂರಬೇಕೆಂದು ಅವಕ್ಕೆ ತಿಳಿಸಲು ನಾಲ್ಕು ಡಿಸ್ಕುಗಳ ಹೆಸರನ್ನು ಪಟ್ಟಿ ಮಾಡಿ ಕೊಡಬೇಕು. ಪಟ್ಟಿಯ ಮೊದಲೆರಡು ಹೆಸರು ಒಂದು ಜೋಡಿ, ಕೊನೆಯೆರಡು ಇನ್ನೊಂದು ಜೋಡಿ. ಜೋಡಿಯಾದ ಎರಡು ಡಿಸ್ಕುಗಳಲ್ಲಿ ಒಂದೇ ಗ್ರಂಥದ ಎರಡು ಪ್ರತಿ ಕೂರುತ್ತವೆ.

ಚೆನ್ನವೀರ ಬಂದವರ ಚಪ್ಪಲಿಯನ್ನೂ ಜೋಡಿಸಿಡುವ ಅಚ್ಚುಕಟ್ಟಿನ ಮನುಷ್ಯ. ಮೊದಲ ಸರ್ವರಿನ ಎರಡು ಡಿಸ್ಕು, ಆಮೇಲೆ ಎರಡನೆಯದರ ಎರಡು ಎಂದು ದುಂಡಗೆ ಬರೆದಿದ್ದ. ಗುರುಗಳು ಅದನ್ನು ನೋಡಿ ವಾಪಸು ಕೊಟ್ಟರು. ಅವನಿಗೆ ತಲೆಬುಡ ತಿಳಿಯಲಿಲ್ಲ. ಎರಡು ಹೇಗೆ ಒಂದಾದೀತು?

ಗುರುಗಳು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನಿಗೆ ಊರಲ್ಲೊಂದು ಮನೆ, ಹೊಲದಲ್ಲೊಂದು ಮನೆ. ಅವನ ಹತ್ತಿರ ಅಜ್ಜನ ಕಾಲದ ಜೋಳದ ಬೀಜವಿತ್ತು, ನವಣೆಯ ಬೀಜವಿತ್ತು. ಎರಡೂ ಬೇರೆಲ್ಲೂ ಸಿಗುವಂಥವಲ್ಲ. "ಯಾವ ಬೀಜವೂ ಒಂದೇ ಕಡೆ ಇರಬಾರದು" ಎಂದು ಹೇಳಿ ಅವನ ತಂದೆ ಕಣ್ಣುಮುಚ್ಚಿದ. ರೈತ ಮಾತು ಮೀರುವವನಲ್ಲ. ನಾಲ್ಕು ಗಡಿಗೆ ತಂದ. ಎರಡರಲ್ಲಿ ಜೋಳ ತುಂಬಿ ಊರ ಮನೆಯಲ್ಲಿಟ್ಟ. ಎರಡರಲ್ಲಿ ನವಣೆ ತುಂಬಿ ಹೊಲದ ಮನೆಯಲ್ಲಿಟ್ಟ. ಹುಡುಕುವ ಗೋಜಿಲ್ಲ, ಬೆರಕೆಯಾಗುವ ಭಯವಿಲ್ಲ ಎಂದು ನೆಮ್ಮದಿಯಾಗಿದ್ದ. ಒಂದು ದಿನ ಹೊಲದ ಮನೆಗೆ ಬೆಂಕಿ ಬಿತ್ತು.

"ನವಣೆಯನ್ನು ಎರಡು ಕಡೆ ಇಟ್ಟಿದ್ದಿರಲ್ಲ?" ಎಂದಳು ಹೆಂಡತಿ.

"ಇಟ್ಟಿದ್ದೆನಲ್ಲ, ಎರಡು ಗಡಿಗೆಯಲ್ಲಿ" ಎಂದ ರೈತ.

ಅವನು ಬಹಳ ಹೊತ್ತು ಬೂದಿ ಕೆದಕಿದ. ತಂದೆಯ ಮಾತನ್ನು ಎಲ್ಲಿ ಮೀರಿದೆನೆಂದು ಅವನಿಗೆ ಹೊಳೆಯಲೇ ಇಲ್ಲ. ಆ ನವಣೆ ಮತ್ತೆ ಯಾರ ಹೊಲದಲ್ಲೂ ಬೆಳೆಯಲಿಲ್ಲ.

ಚೆನ್ನವೀರನಿಗೆ ರೈತನ ಬಗ್ಗೆ ಮರುಕವಾಯಿತು. ತನ್ನ ಗೊಂದಲ ಮಾತ್ರ ಇದ್ದಲ್ಲೇ ಇತ್ತು. ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದ, ಕೆಳಗಿನಿಂದ ಮೇಲೆ ಓದಿದ.

"ಹಾಗಾದರೆ ಬುದ್ಧೀ, ಒಂದೊಂದು ಸರ್ವರಿಗೆ ಇನ್ನೊಂದು ಡಿಸ್ಕು ಹಾಕಿಸಿ ಮೂರು ಪ್ರತಿ ಮಾಡಲೇ?"

ಗುರುಗಳು ನಕ್ಕರು. "ಬೆಂಕಿ ಗಡಿಗೆ ಎಣಿಸಿಕೊಂಡು ಬರುವುದಿಲ್ಲ ಚೆನ್ನವೀರ, ಅದು ಮನೆಗೆ ಬರುತ್ತದೆ."

ಚೆನ್ನವೀರ ಪಟ್ಟಿಯನ್ನು ಮುಂದಿಟ್ಟುಕೊಂಡ. ಎರಡನೆಯ ಹೆಸರನ್ನೂ ಮೂರನೆಯದನ್ನೂ ಅದಲುಬದಲು ಮಾಡಿ ಬರೆದ. ಈಗ ಒಂದೊಂದು ಜೋಡಿಯಲ್ಲೂ ಎರಡೂ ಸರ್ವರಿನ ಒಂದೊಂದು ಡಿಸ್ಕು ಇತ್ತು.