ಸಾಹೇಬರು ಕೇಳಿದ ಗುಂಡಿ

ದಾವಣಗೆರೆಯ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ಒಬ್ಬಳು ಪ್ರೋಗ್ರಾಮರ್ ಇದ್ದಳು. ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡುವಳು, ಕೆಲಸ ಮುಗಿಯುವುದು. ಹೊಸ ಮ್ಯಾನೇಜರ್ ಷಡಕ್ಷರಪ್ಪನವರಿಗೆ ಅದನ್ನು ಕಂಡರೆ ಆಗದು.

“ಏನಮ್ಮ ಇದು, ಸೂತಕದ ಮನೆ ಹಂಗೆ? ನನಗೆ ಒತ್ತೋಕೆ ಗುಂಡಿ ಬೇಕು. ಒಂದೊಂದು ಕೆಲಸಕ್ಕೂ ಒಂದೊಂದು ಬಣ್ಣದ ಗುಂಡಿ. ಸೋಮವಾರದೊಳಗೆ ಆಗಲಿಲ್ಲ ಅಂದ್ರೆ ಬೇರೆ ಕಡೆ ಕೆಲಸ ನೋಡ್ಕೊ.”

“ಆಗ್ಲಿ ಸರ್,” ಅಂದಳು.

ಸೋಮವಾರ ಸಾಹೇಬರ ಪರದೆ ತುಂಬ ಗುಂಡಿಗಳು. ನಾನೂರ ಹನ್ನೆರಡು. ಫೈಲ್ ತೆರೆಯಲು ಹಸಿರು, ಮುಚ್ಚಲು ಗಿಳಿಹಸಿರು, ಅಳಿಸಲು ಎಲೆಹಸಿರು. ಸಾಹೇಬರು ಮಧ್ಯಾಹ್ನದವರೆಗೂ ಹುಡುಕಿದರು. ಮುಚ್ಚಲು ಹೋಗಿ ತಮ್ಮದೇ ವರದಿಯನ್ನು ಎರಡು ಸಲ ಅಳಿಸಿದರು. ಕೊನೆಗೆ ಕನ್ನಡಕ ತೆಗೆದಿಟ್ಟು ಅವಳನ್ನು ಕರೆದರು.

“ಗುಂಡಿ ಹುಡುಕೋದೇ ಒಂದು ಕೆಲಸ ಆಯ್ತಲ್ಲಮ್ಮ. ಏನು ಬೇಕೋ ಅದನ್ನ ಬರೆದ್ರೆ ಸಾಕು, ಆಗಿಬಿಡೋ ಥರ ಮಾಡೋಕಾಗಲ್ವಾ?”

ಅವಳು ಗುಂಡಿಗಳನ್ನೆಲ್ಲ ಮುಚ್ಚಿದಳು. ಹಿಂದಿನಿಂದ ಅದೇ ಕಪ್ಪು ಪರದೆ ಬಂತು.

“ಇಲ್ಲಿ ಬರೀರಿ ಸರ್.”

ಸಾಹೇಬರು ಕನ್ನಡಕ ಮತ್ತೆ ಹಾಕಿಕೊಂಡರು. “ನಾನು ಮೊದಲಿಂದ ಹೇಳಿದ್ದು ಇದನ್ನೇ,” ಅಂದರು.

“ಹೌದು ಸರ್. ದಾರೀಲಿ ಗುಂಡಿ ಜಾಸ್ತಿ ಇದ್ವು, ತಲುಪೋದು ತಡ ಆಯ್ತು.”