ಕಳ್ಳಿಗುಡ್ಡಕ್ಕೆ ಆ ಹೆಸರು ಬಂದದ್ದು

ಕವಲಗುಪ್ಪಿಯ ಸಾರ್ವಜನಿಕ ವಾಚನಾಲಯದ ಹಿಂದಿನ ಕಿಟಕಿಯಲ್ಲಿ ನಿಂತರೆ, ಊರಿನ ಪಡುವಣಕ್ಕೆ ಒಂದು ಮೈಲಿ ದೂರದಲ್ಲಿ ಬೋಳು ಬಂಡೆಗಳ ಗುಡ್ಡವೊಂದು ಕಾಣುತ್ತದೆ. ಅದು ಕಳ್ಳಿಗುಡ್ಡ. ವಾಚನಾಲಯಕ್ಕೆ ನೂರು ವರ್ಷ ತುಂಬಿದಾಗ ಶತಮಾನೋತ್ಸವ ಸಮಿತಿಯವರು ಗುಡ್ಡಕ್ಕೆ ಮೆಟ್ಟಿಲು ಮಾಡಿಸಿದರು. ಮೆಟ್ಟಿಲಿನ ಎರಡೂ ಬದಿಗೆ ಸಿಮೆಂಟಿನ ಕುಂಡಗಳಲ್ಲಿ ಕಳ್ಳಿ ಗಿಡಗಳನ್ನು ಇರಿಸಿದರು. ‘ಹಿಂದೆ ಇಲ್ಲಿ ಕಳ್ಳಿ ಗಿಡಗಳು ಹೇರಳವಾಗಿದ್ದುದರಿಂದ ಈ ಹೆಸರು ಬಂದಿದೆ’ ಎಂದು ಬುಡದಲ್ಲಿ ಫಲಕವಿದೆ. ಪರವೂರಿನವರು ಅದನ್ನು ಓದಿ ತಲೆಯಾಡಿಸಿ ಹತ್ತುತ್ತಾರೆ. ಕುಂಡಗಳು ಬರುವ ಮೊದಲು ಆ ಗುಡ್ಡದಲ್ಲಿ ಒಂದೇ ಒಂದು ಕಳ್ಳಿ ಬೆಳೆದದ್ದನ್ನು ಕಂಡವರು ನಮ್ಮಲ್ಲಿ ಯಾರೂ ಇಲ್ಲ. ಹೆಸರಿನಲ್ಲಿರುವ ಕಳ್ಳಿ ಗಿಡವಲ್ಲ, ಒಬ್ಬ ಹೆಂಗಸು. ಅವಳ ಹೆಸರು ಫಕೀರವ್ವ.

ವಾಚನಾಲಯ ಶುರುವಾದದ್ದು ೧೯೧೪ರಲ್ಲಿ. ಒಂದು ಪಡಸಾಲೆ, ಎರಡು ಕಪಾಟು, ಮುನ್ನೂರು ಚಿಲ್ಲರೆ ಪುಸ್ತಕ. ನಮ್ಮಜ್ಜ ಗುರುಪಾದಯ್ಯನೇ ಮೊದಲ ಗ್ರಂಥಪಾಲಕ. ಕಸ ಹೊಡೆದು ಪುಸ್ತಕಗಳ ಧೂಳು ಒರೆಸಲು ಫಕೀರವ್ವ ಬರುತ್ತಿದ್ದಳು. ಅವಳಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಆದರೂ ಯಾವ ಪುಸ್ತಕವನ್ನೂ ಅವಳು ತಲೆಕೆಳಗಾಗಿ ಇಟ್ಟದ್ದಿಲ್ಲ, ಎಲ್ಲಿಯದನ್ನು ಅಲ್ಲಿಗೇ ಇಡುತ್ತಿದ್ದಳು ಎನ್ನುತ್ತಾರೆ. ನಾಲ್ಕು ವರ್ಷ ಕಳೆಯುವುದರಲ್ಲಿ ಊರಿಗೆ ಪ್ಲೇಗ್ ಬಂತು. ಜನ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಇಲಿ ಸತ್ತು ಬಿದ್ದ ಕಟ್ಟಡದ ಬಟ್ಟೆ, ಕಾಗದ, ಹಾಸಿಗೆ ಎಲ್ಲವನ್ನೂ ಸುಡಬೇಕೆಂದು ಸರಕಾರದ ಹುಕುಮಾಯಿತು. ವಾಚನಾಲಯದಲ್ಲೂ ಇಲಿ ಬಿದ್ದವು. ಅಜ್ಜ ಹೆಂಡತಿ ಮಕ್ಕಳನ್ನು ಕರೆದುಕೊಂಡು ಮಾವನ ಊರಿಗೆ ಹೊರಟು ನಿಂತಾಗ ಫಕೀರವ್ವ ಚಕ್ಕಡಿಯ ಹತ್ತಿರ ಬಂದು, “ಅಯ್ನಾರ, ಪುಸ್ತಕ ಏನ್ ಮಾಡೂದ್ರಿ?” ಎಂದು ಕೇಳಿದಳಂತೆ. “ಜೀವ ಉಳದ್ರ ಪುಸ್ತಕ ಮತ್ತ ಬರ್ತಾವ. ನೀನೂ ಎಲ್ಲೆರ ಹೋಗು,” ಎಂದು ಅಜ್ಜ ಚಕ್ಕಡಿ ಹೊಡೆಸಿದ.

ಅವಳಿಗೆ ಹೋಗಲು ಎಡೆಯಿರಲಿಲ್ಲ. ಆ ವಾರವೇ ಅವಳ ಗಂಡ ಪ್ಲೇಗಿನಲ್ಲಿ ತೀರಿಕೊಂಡಿದ್ದ. ರೋಗದ ಮನೆಯವಳೆಂದು ಗುಡಿಸಲುಗಳ ಜನ ಅವಳನ್ನು ಹತ್ತಿರ ಸೇರಿಸಲಿಲ್ಲ. ಸುಡುವವರು ಬರುವುದಕ್ಕೆ ಇನ್ನೆರಡು ದಿನವಿತ್ತು. ಆ ಎರಡು ದಿನಗಳಲ್ಲಿ ಅವಳು ಪುಸ್ತಕಗಳನ್ನೆಲ್ಲ ಬುಟ್ಟಿಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು, ಗುಡ್ಡದ ಮೇಲಿನ ಚಾಚುಬಂಡೆಯ ಕೆಳಗೆ ಸಾಗಿಸಿದಳು. ಬಿಸಿಲಿಗೆ ರೋಗ ಸಾಯುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ದಿನವೂ ಅವನ್ನು ಹಾಸುಗಲ್ಲುಗಳ ಮೇಲೆ ಬಿಚ್ಚಿಡುವಳು, ಹಾಳೆ ಹಾರದಂತೆ ಮೇಲೊಂದು ಕಲ್ಲು ಹೇರುವಳು, ಹೊತ್ತು ಇಳಿದಾಗ ಒಳಗೆ ಸೇರಿಸುವಳು. ಕುರಿ ಕಾಯುವವರು ಬುಡದಲ್ಲಿ ರೊಟ್ಟಿ ಇಟ್ಟು ಕೂಗಿ ಹೋಗುತ್ತಿದ್ದರು. ಹೀಗೆ ನಾಲ್ಕು ತಿಂಗಳು.

ಊರು ಮತ್ತೆ ತುಂಬಿದ ಮೇಲೆ, ಕುರಿ ಕಾಯುವವರಿಂದ ಸುದ್ದಿ ತಿಳಿದು, ಅಜ್ಜ ಎರಡು ಚಕ್ಕಡಿ ತಂದು ಪುಸ್ತಕಗಳನ್ನು ಹೇರಿಸಿದ. ಅಡ್ಡಮಳೆಗೆ ಸಿಕ್ಕ ಒಂದು ಪುಸ್ತಕ ಮಾತ್ರ ರಟ್ಟು ಕಳಚಿ ಮುದ್ದೆಯಾಗಿತ್ತು. “ಇದು ಕೆಟ್ಟು ಹೋತು ಫಕೀರವ್ವ, ಒಗದುಬಿಡು,” ಎಂದ. ಅವಳು ಒಗೆಯಲಿಲ್ಲ. ಮನೆಗೆ ತಂದು, ಹಾಳೆ ಹಾಳೆ ಬಿಡಿಸಿ ಒಣಗಿಸಿ, ಕೌದಿ ಹೊಲಿಯುವ ಸೂಜಿಯಿಂದ ಹೊಲಿದು, ಗೋಡೆಯ ಗೂಡಿನಲ್ಲಿ ಇಟ್ಟುಕೊಂಡಳು. ವಾಚನಾಲಯದ ಕೆಲಸ ಮಾತ್ರ ಅವಳಿಗೆ ಮತ್ತೆ ಸಿಗಲಿಲ್ಲ. ಪ್ಲೇಗಿನ ಮನೆಯವಳು ಮುಟ್ಟಿದ ಪುಸ್ತಕವನ್ನು ಜನ ಒಯ್ಯುವುದಿಲ್ಲ ಎಂದು ಆಡಳಿತದವರು ಬೇರೊಬ್ಬಳನ್ನು ಇಟ್ಟುಕೊಂಡರು. ಚಕ್ಕಡಿಯಲ್ಲಿ ಪುಸ್ತಕ ತಂದವನು ಅಜ್ಜನಾದ್ದರಿಂದ ಉಳಿಸಿದವನೂ ಅವನೇ ಎಂದು ಊರು ನಂಬಿತು.

ಇಪ್ಪತ್ತೊಂದು ವರ್ಷಗಳ ನಂತರ ವಾಚನಾಲಯದ ರಜತ ಮಹೋತ್ಸವ ಬಂತು. ಪ್ರತಿ ಮನೆಯವರೂ ಒಂದು ಪುಸ್ತಕ ಕಾಣಿಕೆ ಕೊಡಬೇಕೆಂದು ಡಂಗುರ ಸಾರಿಸಿದರು. ಬಾಜಾ ಬಜಂತ್ರಿಯೊಡನೆ ಪುಸ್ತಕಗಳನ್ನು ಪಲ್ಲಕ್ಕಿಯಲ್ಲಿ ಮೆರೆಸಿ, ವಾಚನಾಲಯದ ಅಂಗಳದಲ್ಲಿ ಸಭೆ ಕೂಡಿಸಿದರು. ಪ್ಲೇಗಿನ ಕಾಲದಲ್ಲಿ ಜೀವದ ಹಂಗು ತೊರೆದು ಪುಸ್ತಕ ಉಳಿಸಿದವರು ಗ್ರಂಥಪಾಲಕ ಗುರುಪಾದಯ್ಯನವರೆಂದು ವರದಿ ಓದಿ ಅವರಿಗೆ ಶಾಲು ಹೊದಿಸಿದರು. ಅಜ್ಜ ಕೈಮುಗಿದು ಕುಳಿತುಕೊಂಡ. ಬಳಿಕ ಕಾಣಿಕೆಯ ಸಾಲು ಶುರುವಾಯಿತು. ಆ ಸಾಲಿನ ಕೊನೆಗೆ, ಹೊಸ ಖಣದಲ್ಲಿ ಪುಸ್ತಕ ಸುತ್ತಿಕೊಂಡು, ತಲೆ ನರೆತ ಫಕೀರವ್ವ ನಿಂತಿದ್ದಳು.

ಅಧ್ಯಕ್ಷ ರಾಚನಗೌಡರು ಖಣ ಬಿಚ್ಚಿ ಪುಸ್ತಕ ತೆರೆದರು. ಮೊದಲ ಹಾಳೆಯಲ್ಲಿ ವಾಚನಾಲಯದ ದುಂಡು ಮೊಹರಿತ್ತು. “ಇದು ನಮ್ಮದ ಪುಸ್ತಕ ಐತೆಲ್ಲ. ನಿನ್ನ ಹಂತೇಕ ಹೆಂಗ ಬಂತು?” ಎಂದರು.

“ಅಯ್ನಾರು ಒಗಿ ಅಂದಿದ್ರು ಎಪ್ಪಾ. ನನಗ ಮನಸ್ಸಾಗಲಿಲ್ರಿ. ಹೊಲದು ಇಟ್ಟಿದ್ದೆ. ಈಗ ಎಲ್ಲಾರೂ ಕೊಡಬೇಕು ಅಂದ್ರಲ್ರಿ, ಅದಕ್ಕ ತಂದೀನ್ರಿ.”

ಗೌಡರು ಅಜ್ಜನ ಕಡೆ ತಿರುಗಿದರು. “ನೀವು ಹಂಗ ಹೇಳಿದ್ರೇನ್ರಿ ಅಯ್ನಾರ?” ಹೌದೆಂದರೆ ಪುಸ್ತಕಗಳು ಅವಳ ಕೈಗೆ ಹೇಗೆ ಹೋದವು ಎಂಬ ಮಾತು ಬರುತ್ತಿತ್ತು, ಗುಡ್ಡದ ಮಾತು ಬರುತ್ತಿತ್ತು, ಹೆಗಲ ಮೇಲಿನ ಶಾಲಿನ ಮಾತೂ ಬರುತ್ತಿತ್ತು. “ನನಗ ನೆನಪಿಲ್ಲ,” ಎಂದ ಅಜ್ಜ. ಅವಳು ಅವನ ಮುಖವನ್ನೇ ನೋಡುತ್ತ ನಿಂತಳು. ಹಿಂದಿನಿಂದ ಯಾರೋ ‘ಕಳ್ಳಿ’ ಎಂದರು. ಹೆಂಗಸರ ಕಡೆಯಿಂದ ನಗೆ ಕೇಳಿಸಿತು. “ಹಬ್ಬದ ದಿನ ಐತಿ, ಬಿಟ್ಟೇವಿ. ಹೋಗು,” ಎಂದು ಗೌಡರು ಪುಸ್ತಕವನ್ನು ಬದಿಗಿಟ್ಟು ಖಣವನ್ನು ಅವಳ ಕೈಗೆ ಹಾಕಿದರು.

ಫಕೀರವ್ವ ಮನೆಗೆ ಹೋಗಲಿಲ್ಲ. ನೇರವಾಗಿ ಗುಡ್ಡ ಹತ್ತಿದವಳು ಮತ್ತೆ ಊರೊಳಗೆ ಕಾಲಿಡಲಿಲ್ಲ. ಅದೇ ಚಾಚುಬಂಡೆಯ ಕೆಳಗೆ ಎರಡು ವರ್ಷ ಬದುಕಿ ಅಲ್ಲೇ ಸತ್ತಳು. ‘ಕಳ್ಳಿ ಇರೋ ಗುಡ್ಡ’ ಎಂದು ಮೊದಲು ನಗುತ್ತ ಅಂದರು, ಆಮೇಲೆ ಗುರುತಿಗೆಂದು ಅಂದರು, ಕೊನೆಗೆ ಕಂದಾಯದ ಕಾಗದಗಳಲ್ಲೂ ಕಳ್ಳಿಗುಡ್ಡವೆಂದೇ ಬರೆದರು. ಇದನ್ನೆಲ್ಲ ನನಗೆ ಹೇಳಿದವನು ಅಜ್ಜನೇ, ಹಾಸಿಗೆ ಹಿಡಿದ ಮೇಲೆ. ಆಗ ನನಗೆ ಹದಿನೈದು ವರ್ಷ. ಅವಳು ಸಾಯುವ ಮೊದಲು ಒಮ್ಮೆ ಅವನು ಗುಡ್ಡ ಹತ್ತಿ ಹೋಗಿದ್ದನಂತೆ. ತಪ್ಪಾಯಿತೆನ್ನಲು ಹೋದವನಿಗೆ ಬಾಯಿ ಬರಲಿಲ್ಲ. ಅವಳೇ ಕೇಳಿದಳು: “ಆ ಪುಸ್ತಕ ಕಪಾಟಿನ್ಯಾಗ ಇಟ್ಟೀರೇನ್ರಿ ಅಯ್ನಾರ?” ಇಟ್ಟೇವಿ ಎಂದ. ಸಭೆ ಮುಗಿದ ಮರುದಿನವೇ, ಹಳೆಯದು, ಹುಳ ಹತ್ತುತ್ತದೆ ಎಂದು ಅದನ್ನು ನೀರೊಲೆಗೆ ಹಾಕಿದ್ದರು. “ಆಕಿ ಮುಂದ ಎರಡು ಸಲ ಸುಳ್ಳು ಹೇಳಿದೆ,” ಎಂದು ಹೇಳಿ ಅಜ್ಜ ಗೋಡೆಯ ಕಡೆ ಹೊರಳಿದ.

ಶತಮಾನೋತ್ಸವದಲ್ಲಿ ಮೊದಲ ಗ್ರಂಥಪಾಲಕರ ಮೊಮ್ಮಗನೆಂದು ನನ್ನನ್ನೂ ವೇದಿಕೆಯ ಮೇಲೆ ಕೂರಿಸಿದ್ದರು. ಫಕೀರವ್ವನ ವಿಷಯ ಹೇಳಬೇಕೆಂದು ಬರೆದುಕೊಂಡಿದ್ದ ಹಾಳೆ ನನ್ನ ಕಿಸೆಯಲ್ಲಿತ್ತು. ಸಮಿತಿಯವರಿಗೆ ಮುಂಚೆಯೇ ತೋರಿಸಿದಾಗ, “ಇಂಥಾ ಸಂಭ್ರಮದಾಗ ಅದನ್ಯಾಕ ತಗೀತೀರಿ ಸರ, ನಿಮ್ಮ ಅಜ್ಜಾರ ಹೆಸರೂ ಕೆಡತೈತಿ,” ಎಂದಿದ್ದರು. ಮುಖ್ಯ ಅತಿಥಿಗಳು ಕಳ್ಳಿ ಗಿಡದ ಔಷಧಿ ಗುಣಗಳನ್ನು ವಿವರಿಸಿದರು. ಜನ ಚಪ್ಪಾಳೆ ತಟ್ಟಿದರು. ನಾನು ಏಳಲಿಲ್ಲ. ಅಜ್ಜನಿಗೆ ಹೆದರಿಕೆಯಿತ್ತು, ನನಗೆ ಅದೂ ಇರಲಿಲ್ಲ, ಬರೀ ಸಂಕೋಚ.

ಈಗ ಭಾನುವಾರ ಬಂದರೆ ಕಳ್ಳಿಗುಡ್ಡದ ಮೇಲೆ ಜನವೋ ಜನ. ಬುತ್ತಿ ಕಟ್ಟಿಕೊಂಡು ಬರುತ್ತಾರೆ, ಚಾಚುಬಂಡೆಯ ನೆರಳಿನಲ್ಲಿ ಕುಳಿತು ಉಣ್ಣುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಇಳಿಯುವ ಮೊದಲು ಬಂಡೆಯ ಮೇಲೆ ಮೊಳೆಯಿಂದಲೋ ಸುಣ್ಣದಿಂದಲೋ ತಂತಮ್ಮ ಹೆಸರು ಬರೆದು ಹೋಗುತ್ತಾರೆ. ಕೈ ಎಟುಕುವಷ್ಟು ಎತ್ತರಕ್ಕೂ ಹೆಸರುಗಳೇ ತುಂಬಿವೆ. ಫಕೀರವ್ವ ಎಂಬುದು ಅವುಗಳಲ್ಲಿ ಇಲ್ಲ. ಅವಳಿಗೆ ಬರೆಯಲು ಬರುತ್ತಿರಲಿಲ್ಲ. ಬರುತ್ತಿದ್ದ ನಾವು ಬರೆಯಲಿಲ್ಲ.